ಮೊದಲ ಕಚ್ಚು

ಹಳೆಯ ಚಕಮಕಿ ಕೋವಿಗಳನ್ನು ನೆಟ್ಟಗೆ ಮಾಡುವ ಗೀಳು ಹತ್ತಿದವನಿಗೆ ನಮ್ಮ ನಾಡಿನಲ್ಲಿ ಎರಡು ಅಪ್ಪಣೆಗಳು ಎದುರಾಗುತ್ತವೆ. ಒಂದು ಸರ್ಕಾರದ್ದು. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮಿನ ಪ್ರಕಾರ, ರಿಪೇರಿ ಮಾಡಿದರೂ ಸರಿ, ಮಾಡದಿದ್ದರೂ ಸರಿ, ಬಂದೂಕಾಗಿ ಕೆಲಸಕ್ಕೆ ಬಾರದಂಥ ಹಳೆಯ ಮಾದರಿಯ ಆಯುಧವಾದರೆ ಮಾತ್ರ ಅದು ಲೈಸೆನ್ಸಿನ ಹೊರಗೆ ಉಳಿಯುತ್ತದೆ. ಇನ್ನೊಂದು ಮನೆಯ ಹಿರಿಯರದ್ದು: ಮುಕ್ಕಾದದ್ದನ್ನು ದೇವರ ಮುಂದೆ ಇಡಬಾರದು. ಒಬ್ಬರಿಗೆ ಕೋವಿ ಮುಕ್ಕಾಗಿಯೇ ಇರಬೇಕು, ಇನ್ನೊಬ್ಬರಿಗೆ ಮುಕ್ಕಾಗಿರಲೇ ಕೂಡದು. ಇವೆರಡರ ನಡುವೆ ಅರ ಹಿಡಿದು ಕೂತವನು ನಾನು. ಆಯುಧ ಪೂಜೆಯ ದಿನ ನಾವು ಪೂಜಿಸುವುದು ಏನನ್ನು ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಈ ಇಕ್ಕಟ್ಟಿನಲ್ಲೇ.

ನನ್ನ ಮನೆ ಕೆಂಗಲ್ಲಿನಲ್ಲಿ, ಆಂಜನೇಯನ ಗುಡಿಯಿಂದ ನಡೆದು ಹೋಗುವಷ್ಟು ದೂರ. ಐಟಿಐಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುತ್ತಲೇ ನಿವೃತ್ತನಾದೆ. ಅರ ಉಜ್ಜುವುದು, ಹದ ಹಾಕುವುದು, ಒಂದು ಲೋಹದ ತುಂಡು ಇನ್ನೊಂದರ ಮೇಲೆ ಸದ್ದಿಲ್ಲದೆ ಜಾರುವಂತೆ ಮಾಡುವುದು, ಇಷ್ಟೇ ನನಗೆ ಗೊತ್ತಿರುವ ವಿದ್ಯೆ. ಸುತ್ತಮುತ್ತ ಯಾರ ಅಟ್ಟದಲ್ಲಾದರೂ ಬಾಯಿ ಮುಚ್ಚಿಸಿದ ಹಳೆಯ ಕೋವಿ ಸಿಕ್ಕಿದರೆ ನನಗೆ ಸುದ್ದಿ ಬರುತ್ತದೆ. ಹೊಡೆಯಬಲ್ಲ ಕೋವಿಯನ್ನು ನಾನು ಮುಟ್ಟುವುದಿಲ್ಲ. ಕಾಗದಪತ್ರ ನೋಡಿ, ನಳಿಗೆಯೊಳಗೆ ಕಡ್ಡಿ ಇಳಿಸಿ ನೋಡಿ, ಆಮೇಲೆ ಕೆಲಸ.

ಕನಕಪುರ ಸೀಮೆಯ ಒಂದು ಮನೆಯವರು ಹಾಗೆ ಒಂದು ಕೋವಿ ತಂದರು. ಮನೆತನದ ಹಿರಿಯರೊಬ್ಬರು ಯಾವುದೋ ಕಾಲದಲ್ಲಿ ಬೆಟ್ಟದ ಕೋಟೆಯ ಕಾವಲಿನಲ್ಲಿದ್ದರು ಎಂಬುದು ಅವರ ಮನೆಯ ಮಾತು. ಹಿಂದೆ ಅದನ್ನು ದೇವರ ಕೋಣೆಯ ಮೂಲೆಯಲ್ಲಿ ಒರಗಿಸಿ, ಮಹಾನವಮಿಯಲ್ಲಿ ಮಚ್ಚು ಕುಡುಗೋಲು ನೇಗಿಲ ಗುಳದ ಜೊತೆ ಅರಿಸಿನ ಕುಂಕುಮ ಹಚ್ಚುತ್ತಿದ್ದರಂತೆ. ನಳಿಗೆಯ ಬುಡಕ್ಕೂ ಬೆಂಕಿ ಒಳಹೋಗುವ ಕಿವಿಗೂ ಬೆಸುಗೆ ಹಾಕಿಸಿದ ಮೇಲೂ ಪೂಜೆ ನಡೆದಿತ್ತು. ಆದರೆ ಹಿಡಿಗೆ ಗೆದ್ದಲು ಹತ್ತಿ, ಕಲ್ಲು ಕಚ್ಚುವ ಕುದುರೆಯ ಕತ್ತು ಮುರಿದ ಮೇಲೆ ಆ ಮನೆಯ ಅವ್ವ ಅದನ್ನು ಅಟ್ಟಕ್ಕೆ ಹಾಕಿಸಿದರು. ನನ್ನಲ್ಲಿಗೆ ತಂದಾಗ ಅವರೇ ಮುಂದೆ ನಿಂತು ಕೇಳಿದರು: “ಮುಕ್ಕಾಗಿರೋದ್ನ ದೇವರ ಮುಂದೆ ಹೆಂಗೆ ಮಡಗೋದು ಮೇಷ್ಟ್ರೇ? ನೆಟ್ಟಗೆ ಮಾಡ್ಕೊಡಿ.” ಜೊತೆಗಿದ್ದ ಮೊಮ್ಮಗ, ಡಿಪ್ಲೊಮಾ ಓದುವ ಹುಡುಗ, “ಕಿವಿ ಮುಚ್ಚಿದ ಮೇಲೆ ಅದು ಮುಕ್ಕೇ ಅಲ್ವೇನವ್ವ? ಕುದುರೆ ಸರಿಮಾಡಿದ್ರೆ ಏನು ಬಂತು?” ಎಂದ. ಹುಡುಗನ ಮಾತಿಗೆ ಆ ಹೊತ್ತಿನಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಚಕಮಕಿ ಕೋವಿಯ ಕೆಲಸವನ್ನು ಒಮ್ಮೆ ಹೇಳಿಬಿಡಬೇಕು. ನಳಿಗೆಯ ಬಲಗಡೆ ಒಂದು ತಗಡು. ಅದರ ಮೇಲೆ ಹಕ್ಕಿಯ ಕತ್ತಿನಂತೆ ಬಾಗಿದ ಕುದುರೆ. ಕುದುರೆಯ ದವಡೆಯಲ್ಲಿ ಚರ್ಮದ ಚೂರು ಸುತ್ತಿ ಕಚ್ಚಿಸಿದ ಚಕಮಕಿ ಕಲ್ಲು. ಎದುರಿಗೆ ಉಕ್ಕಿನ ಬಾಗು ತಗಡು, ಅದರ ಅಡಿಯಲ್ಲಿ ಒಂದು ಪುಟ್ಟ ಬಟ್ಟಲು. ಬಟ್ಟಲಿನಲ್ಲಿ ರಂಜಕ, ಅಂದರೆ ನುಣ್ಣನೆಯ ಮದ್ದಿನ ಚಿಟಿಕೆ. ಬಟ್ಟಲಿನಿಂದ ನಳಿಗೆಯೊಳಕ್ಕೆ ಒಂದು ಸಣ್ಣ ತೂತು, ಅದೇ ಕಿವಿ. ಟ್ರಿಗರ್ ಎಳೆದರೆ ಕುದುರೆ ಮುಂದಕ್ಕೆ ಬಡಿಯುತ್ತದೆ, ಕಲ್ಲು ಉಕ್ಕನ್ನು ಕೆರೆಯುತ್ತದೆ, ಉಕ್ಕಿನ ತಗಡು ಮುಂದಕ್ಕೆ ಮಗುಚಿ ಬಟ್ಟಲಿನ ಬಾಯಿ ತೆರೆಯುತ್ತದೆ, ಕಿಡಿ ರಂಜಕಕ್ಕೆ ಬೀಳುತ್ತದೆ, ಬೆಂಕಿ ಕಿವಿಯ ಮೂಲಕ ಒಳಗೆ ಹೋಗುತ್ತದೆ. ಕಿಡಿ ಅಂದರೆ ಕಲ್ಲಿನಿಂದ ಹಾರಿದ್ದು ಎಂದುಕೊಳ್ಳುವವರೇ ಹೆಚ್ಚು. ಕಲ್ಲು ಉಕ್ಕನ್ನು ಹೆರೆದು ತೆಗೆದ ಅತಿ ಸಣ್ಣ ಪುಡಿ ಗಾಳಿಯಲ್ಲಿ ಉರಿಯುವುದೇ ಆ ಕಿಡಿ. ಅದಕ್ಕೆ ಉಕ್ಕು ಗಟ್ಟಿ ಹದದ್ದಾಗಿರಬೇಕು. ಮೆತ್ತನೆಯ ಕಬ್ಬಿಣವನ್ನು ಎಷ್ಟು ಕೆರೆದರೂ ಕಿಡಿ ಬಾರದು.

ಈ ಉಕ್ಕಿನ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಹೆಸರಿದೆ. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ. ಮೈಸೂರು ಸೀಮೆಯ ಉಕ್ಕಿನವರು ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿ ಎಲೆಯನ್ನೂ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಆ ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಉಕ್ಕು ಮಾಡುತ್ತಿತ್ತು. ಅದೇ ಕಾಲದಲ್ಲಿ, ಅದಕ್ಕಿಂತ ತುಸು ಮೊದಲು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಯವರು ಹುಲಿಪಟ್ಟೆಯ ಗುರುತು ಹಾಕಿ, ಮೌಲೂದಿ ಶಕೆಯ ವರ್ಷ ಕೊರೆದು ಚಕಮಕಿ ಕೋವಿ ಮಾಡುತ್ತಿದ್ದರು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಇಂಗ್ಲಿಷ್ ಸೈನ್ಯ ಟಿಪ್ಪುವಿನ ಸಾವನದುರ್ಗದ ಬೆಟ್ಟದ ಕೋಟೆಯನ್ನು ಹಿಡಿಯಿತು. ಆ ದಿನ ಬೆಟ್ಟದ ಎರಡೂ ಕಡೆಯವರ ಕೈಯಲ್ಲಿದ್ದದ್ದು ಇಂಥ ಕೋವಿಗಳೇ. ವೀಣೆಯ ತಂತಿಯ ಊರೂ ಕೋಟೆಯ ಊರೂ ಒಂದು ದಿನದ ನಡಿಗೆಯ ಒಳಗೇ ಇವೆ. ಅರಿಯದ ಕಲ್ಲು, ಅರಿಯದ ಕಬ್ಬಿಣ. ಯಾವ ಕೆಲಸಕ್ಕೆ ಬೇಕಾದರೂ ಒಗ್ಗುತ್ತವೆ. ಹಾಗಾಗಿ ಆಯುಧಕ್ಕೇ ಪಾಪ ಅಂಟಿದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಯುಧಕ್ಕೇ ಪುಣ್ಯವಿದೆ ಎನ್ನುವುದನ್ನೂ ಒಪ್ಪಲಾರೆ.

ಇನ್ನು ಮುಕ್ಕಿನ ವಿಚಾರ. ಭಗ್ನ ವಿಗ್ರಹಕ್ಕೆ ಪೂಜೆ ಸಲ್ಲದು ಎಂಬುದು ಬರೀ ಅಜ್ಜಿಯರ ಮಾತಲ್ಲ. ಆಗಮಗಳಲ್ಲಿ ಅದಕ್ಕೆ ಕ್ರಮವೇ ಇದೆ. ಗುಡಿಯ ಜೀರ್ಣೋದ್ಧಾರಕ್ಕೆ ಕೈ ಹಾಕುವ ಮುನ್ನ ಕಲಾಕರ್ಷಣ ಮಾಡುತ್ತಾರೆ. ವಿಗ್ರಹದಲ್ಲಿರುವ ಸಾನ್ನಿಧ್ಯವನ್ನು ಕಲಶದ ನೀರಿಗೆ ಇಳಿಸಿ, ಬಾಲಾಲಯದಲ್ಲಿ ಇಟ್ಟು ಪೂಜಿಸುತ್ತಾರೆ. ಆಮೇಲಷ್ಟೇ ಶಿಲ್ಪಿ ಉಳಿ ಎತ್ತಬಹುದು. ಸರಿಪಡಿಸಲಾಗದಷ್ಟು ಒಡೆದಿದ್ದರೆ ಹಳೆಯದನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠೆ ಮಾಡುತ್ತಾರೆ. ಪುರಿಯಲ್ಲಂತೂ ಜಗನ್ನಾಥನ ಮರದ ಮೈಯನ್ನೇ ನವಕಳೇಬರದಲ್ಲಿ ಬದಲಿಸುತ್ತಾರೆ, ಕೊನೆಯ ಸಲ ಆದದ್ದು 2015ರಲ್ಲಿ. ಮೈ ಬೇರೆ, ಮೈಯಲ್ಲಿ ನೆಲೆಸಿದ್ದು ಬೇರೆ ಎಂದು ಈ ಕ್ರಮಗಳು ಹೇಳುತ್ತವೆ.

ಕೋವಿಯ ವಿಷಯದಲ್ಲಿ ಈ ಲೆಕ್ಕ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಹಳೆಯ ಬೌದ್ಧ ಕಥೆಯಲ್ಲಿ ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಕೇಳಿದ್ದು ಇದನ್ನೇ: ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ? ಒಂದೂ ರಥವಲ್ಲ, ಎಲ್ಲ ಸೇರಿದಾಗ ರಥವೆಂದು ಕರೆಯುತ್ತೇವೆ ಅಷ್ಟೇ. ನಾನು ಗೆದ್ದಲು ತಿಂದ ಹಿಡಿಯನ್ನು ಕೆರೆದು ಬೀಟೆಯ ತುಂಡು ಕೂಡಿಸಿದೆ. ಕುದುರೆಯ ಕತ್ತಿಗೆ ಹೊಸ ಉಕ್ಕು ಕೊಟ್ಟೆ. ನಳಿಗೆಗೆ ಮದ್ದು ಜಡಿಯುವ ಗಜ ಮುರಿದಿತ್ತು, ಅದರ ಬದಲು ಚನ್ನಪಟ್ಟಣದ ಗೊಂಬೆ ಕೆಲಸದ ಗೆಳೆಯರೊಬ್ಬರು ಹಾಲೆ ಮರದಲ್ಲಿ ಹೊಸ ಗಜ ಕಡೆದುಕೊಟ್ಟರು. ತಿರುಗುವ ಮರಕ್ಕೆ ಅರಗಿನ ಕೋಲು ಒತ್ತಿ ಹಿಡಿದಾಗ ತಿಕ್ಕಾಟದ ಕಾವಿಗೇ ಅರಗು ಕರಗಿ ಮರವನ್ನು ಹತ್ತಿಕೊಳ್ಳುತ್ತದೆ, ತಾಳೆಗರಿ ಹಿಡಿದರೆ ಹೊಳಪು ಮೇಲೆದ್ದು ಬರುತ್ತದೆ. ಎಷ್ಟು ನೋಡಿದರೂ ಸಾಕಾಗದ ಕೆಲಸ ಅದು. ಹೀಗೆ ಒಂದೊಂದೇ ಭಾಗ ಬದಲಾದ ಮೇಲೆ ಇದು ಅವರ ಹಿರಿಯರ ಕೋವಿಯೇ ಎಂದು ಯಾರೂ ಕೇಳಲಿಲ್ಲ. ಆ ಮನೆಗೆ ಅದು ಹಳೆಯ ಕೋವಿಯೇ. ಭಾಗಗಳನ್ನು ಕೂಡಿಸಿ ಒಂದು ಎನ್ನಿಸುವುದು ಮನೆಯ ನೆನಪು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಉಳಿದದ್ದು ಮೊಮ್ಮಗ ಎತ್ತಿದ ಮಾತಿನಲ್ಲಿ. ಹೊಡೆಯುವುದೇ ಕೋವಿಯ ಧರ್ಮವಾದರೆ, ಹೊಡೆಯಲಾರದ್ದು ಎಷ್ಟು ಹೊಳೆದರೂ ಮುಕ್ಕೇ.

ಇದಕ್ಕೆ ನನ್ನ ಉತ್ತರ ಹೊಳೆದದ್ದು ಬೂದಗುಂಬಳಕಾಯಿಯಿಂದ. ವರ್ಕ್‌ಶಾಪಿನಲ್ಲಿ ಪ್ರತಿ ಆಯುಧ ಪೂಜೆಗೆ ಲೇತು, ಡ್ರಿಲ್ಲು, ವೈಸು ಎಲ್ಲ ತೊಳೆದು, ಬಾಳೆಕಂದು ಕಟ್ಟಿ, ಕೊನೆಯಲ್ಲಿ ಕುಂಬಳಕಾಯಿಗೆ ತೂತು ಮಾಡಿ ಕುಂಕುಮ ತುಂಬಿ ಒಡೆಯುತ್ತಿದ್ದೆವು. ಆ ಕೆಂಪು ಏತಕ್ಕೆ ಎಂದು ಎಲ್ಲರಿಗೂ ಗೊತ್ತು. ಅದು ಬಲಿ. ಒಂದು ಕಾಲಕ್ಕೆ ಕುರಿಯೋ ಕೋಣವೋ ಇದ್ದ ಜಾಗದಲ್ಲಿ ಈಗ ಕುಂಬಳಕಾಯಿ ಇದೆ. ಯಾರು ಯಾವಾಗ ಬದಲಿಸಿದರೋ, ಬದಲಿಸಿದವರು ದೊಡ್ಡ ಮನಸ್ಸಿನವರು. ಬಲಿಯ ಇಡೀ ವಿಧಿಯನ್ನು ಉಳಿಸಿಕೊಂಡು ಅದರ ಕಿವಿಯೊಂದನ್ನು ಮುಚ್ಚಿದರು. ಕುಂಬಳಕಾಯಿ ಒಡೆದ ಪೂಜೆ ಮುಕ್ಕಾಯಿತು ಎಂದು ಇವತ್ತು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಅಂದರೆ ಕೊಲ್ಲುವುದನ್ನು ತೆಗೆದರೆ ಪೂರ್ಣತೆ ಹೋಗುತ್ತದೆ ಎಂಬ ಮಾತನ್ನು ನಮ್ಮ ಸಂಪ್ರದಾಯವೇ ಎಂದೋ ಬಿಟ್ಟುಕೊಟ್ಟಿದೆ. ಕಾಯಿದೆಯ 45ನೇ ಕಲಮೂ ಕುಂಬಳಕಾಯಿಯೂ ಒಂದೇ ದಾರಿಯಲ್ಲಿ ಬಂದು ನಿಂತಿವೆ ಎಂದು ನನಗೆ ಅನ್ನಿಸುತ್ತದೆ.

ಪೂಜೆಯ ದಿನದ ನಡವಳಿಕೆಯನ್ನೂ ನೋಡಿ. ಆ ದಿನ ಆಯುಧ ಕೆಲಸ ಮಾಡುವುದಿಲ್ಲ. ಲೇತಿಗೆ ಹೂವಿಟ್ಟ ಮೇಲೆ ಸ್ವಿಚ್ ಮುಟ್ಟಲು ನಮ್ಮ ಹಳೆಯ ಫೋರ್‌ಮನ್ ಬಿಡುತ್ತಿರಲಿಲ್ಲ. ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿ ಮೊದಲಾದ ಆಯುಧಗಳನ್ನು ಕೋಡಿ ಸೋಮೇಶ್ವರನ ಗುಡಿಗೆ ಒಯ್ದು ಶುದ್ಧಿ ಮಾಡಿ ತಂದು ಪೂಜೆಗಿಡುತ್ತಾರೆ. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ, ಸೆಪ್ಟೆಂಬರ್ 3ಕ್ಕೆ, ನಾಟಿ ಮುಗಿದ ಮೇಲೆ, ಕೋವಿಗಳಿಗೆ ತೋಕ್ ಪೂವಿನ ಅಲಂಕಾರ ಮಾಡಿ ಪೂಜಿಸುತ್ತಾರೆ. ಅವರಿಗೆ ಲೈಸೆನ್ಸಿನ ವಿನಾಯಿತಿಯೂ ಇದೆ, ಅವರ ಕೋವಿಗಳು ಹೊಡೆಯುತ್ತವೆ. ಆದರೂ ಪೂಜೆಯ ಹೊತ್ತಿನಲ್ಲಿ ಕೋವಿ ಗೋಡೆಗೆ ಒರಗಿಯೇ ಇರುತ್ತದೆ. ನಾವು ಕೈ ಮುಗಿಯುವುದು ವಿಶ್ರಾಂತಿಯಲ್ಲಿರುವ ಆಯುಧಕ್ಕೆ. ಪಾಂಡವರು ಅಜ್ಞಾತವಾಸದ ವರ್ಷವಿಡೀ ಆಯುಧಗಳನ್ನು ಬನ್ನಿ ಮರದಲ್ಲಿ ಬಚ್ಚಿಟ್ಟದ್ದನ್ನೇ ವಿಜಯದಶಮಿಗೆ ನೆನೆಯುತ್ತೇವೆ. ಬನ್ನಿ ಹಂಚುವಾಗ ಗೆಲುವಿನ ಮಾತು ಮುಂದೆ ಬರುತ್ತದೆ, ಆ ಮೌನದ ವರ್ಷ ಹಿಂದೆ ಉಳಿಯುತ್ತದೆ. ನನಗೆ ಆ ವರ್ಷವೇ ದೊಡ್ಡದು.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಅವನು ಸುಮ್ಮನೆ ಒಪ್ಪುವ ಹುಡುಗನಲ್ಲ. “ಅರ್ಜುನ ಮರದಿಂದ ಗಾಂಡೀವ ಇಳಿಸಿಕೊಂಡ್ರೆ ಅದು ಹೊಡೀತಿತ್ತು ಸಾರ್. ಅದಕ್ಕೆ ಅದು ಸುಮ್ಮನಿದ್ದದ್ದಕ್ಕೆ ಬೆಲೆ. ಬೆಸುಗೆ ಹಾಕಿದ್ದು ಹೊಡೀದೇ ಇದ್ರೆ ಅದರಲ್ಲೇನು ಸಂಯಮ?” ಎಂದ. ಇದು ಬಲವಾದ ಮಾತು, ಕುಂಬಳಕಾಯಿಯಿಂದ ಇದಕ್ಕೆ ಉತ್ತರ ಸಿಗದು. ಶ್ರವಣಬೆಳಗೊಳದ ಗೊಮ್ಮಟ ನಿಂತದ್ದೂ ಈ ಮಾತಿನ ಮೇಲೆಯೇ. ಬಾಹುಬಲಿ ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ತಲೆಯ ಮೇಲೆ ಎತ್ತಿದ್ದ. ಅಪ್ಪಳಿಸಿದ್ದರೆ ಮುಗಿಯುತ್ತಿತ್ತು. ಅಪ್ಪಳಿಸದೆ ಇಳಿಸಿದ. ತೋಳಿನಲ್ಲಿ ಬಲವಿಲ್ಲದವನು ಹಾಗೆ ಇಳಿಸಿದ್ದರೆ ಯಾರೂ ಕಥೆ ಹೇಳುತ್ತಿರಲಿಲ್ಲ. 981ರಲ್ಲಿ ಆ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ಯುದ್ಧಗಳನ್ನು ಗೆದ್ದವನು. ಕತ್ತಿ ಹಿಡಿದ ಕೈಯೇ ಕತ್ತಿಯಿಲ್ಲದವನ 58 ಅಡಿಯ ರೂಪವನ್ನು ಮಾಡಿಸಿತು. ಆ ಬೆಟ್ಟ ಹತ್ತಿದಾಗೆಲ್ಲ ನನಗೆ ಮೂರ್ತಿಯಷ್ಟೇ ಆ ದಂಡನಾಯಕನೂ ನೆನಪಾಗುತ್ತಾನೆ.

ಹುಡುಗ ಹೇಳಿದ್ದು ಸರಿ. ಬೆಸುಗೆ ಹಾಕಿದ ಕೋವಿಗೆ ಸಂಯಮವಿಲ್ಲ, ಯಾವ ಕೋವಿಗೂ ಇಲ್ಲ. ಸಂಯಮ ಮನುಷ್ಯನದ್ದು. ಆದರೆ ಮನುಷ್ಯನ ಸಂಯಮಕ್ಕೆ ಆಯುಧದೊಳಗೆ ಒಂದು ಜಾಗ ಮಾಡಿಟ್ಟಿರುತ್ತಾರೆ. ಅದನ್ನು ತೋರಿಸಲು ನಾನು ತಗಡಿನ ಮೊಳೆ ಬಿಚ್ಚಿ ಒಳಭಾಗವನ್ನು ಅವನ ಅಂಗೈಗೆ ಕೊಟ್ಟೆ.

ಕುದುರೆಯ ಬುಡದಲ್ಲಿ, ತಗಡಿನ ಒಳಮೈಗೆ, ಹುಣಿಸೆ ಬೀಜಕ್ಕಿಂತ ತುಸು ದೊಡ್ಡದಾದ ಉಕ್ಕಿನ ಗಾಲಿಯಿದೆ. ಅದರ ಅಂಚಿನಲ್ಲಿ ಎರಡು ಕಚ್ಚುಗಳು. ಕುದುರೆಯನ್ನು ಹಿಂದಕ್ಕೆ ಎಳೆದಾಗ ಮೊದಲ ಕಚ್ಚಿಗೆ ಒಂದು ನಾಲಗೆ ಬಂದು ಕೂರುತ್ತದೆ. ಇಲ್ಲಿ ಟ್ರಿಗರನ್ನು ಎಷ್ಟು ಎಳೆದರೂ ಕುದುರೆ ಬೀಳುವುದಿಲ್ಲ. ಇನ್ನಷ್ಟು ಹಿಂದಕ್ಕೆ ಎಳೆದರೆ ಎರಡನೆಯ ಕಚ್ಚು, ಅಲ್ಲಿಂದ ಬೆರಳು ಮುಟ್ಟಿದರೆ ಸಾಕು. ಮೊದಲನೆಯದನ್ನು ಆಳವಾಗಿ, ಒಳಕ್ಕೆ ಬಾಗಿಸಿ ಕೊರೆದಿರುತ್ತಾರೆ, ನಾಲಗೆ ಒಳಗೆ ಸಿಕ್ಕಿಕೊಳ್ಳಲಿ ಎಂದು. ಎರಡನೆಯದು ಮೇಲುಮೇಲಿನದು. ಇಡೀ ಕೋವಿಯಲ್ಲಿ ಅತ್ಯಂತ ಕಷ್ಟದ ಕೆಲಸ ಯಾವುದೆಂದರೆ ನಳಿಗೆಯಲ್ಲ, ಈ ಮೊದಲ ಕಚ್ಚು. ಹದ ಗಟ್ಟಿಯಾದರೆ ಅಂಚು ಚೂರಾಗುತ್ತದೆ, ಮೆತ್ತಗಾದರೆ ಸವೆದು ಜಾರುತ್ತದೆ. ಈ ಕೋವಿಯಲ್ಲಿ ಅದು ಸವೆದು ದುಂಡಗಾಗಿತ್ತು. ಕುದುರೆ ಅರ್ಧದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಕಿವಿ ಮುಚ್ಚಿದ ಕೋವಿಗೆ ಅದು ಬೇಕಾಗಿಯೇ ಇಲ್ಲ. ಆದರೂ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟದ್ದು ಅದಕ್ಕೆ. ಸೂಜಿಯಂಥ ಸಣ್ಣ ಅರದಲ್ಲಿ ಕೊರೆದು, ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಮೆಲ್ಲಗೆ ಕಾವು ಕೊಟ್ಟು, ಹುಲ್ಲಿನ ಹಳದಿ ಬಣ್ಣ ಕಂದಿಗೆ ತಿರುಗುವಾಗ ತೆಗೆದೆ. ಜೋಡಿಸಿ ಎಳೆದಾಗ ಟಕ್ ಎಂದು ನಿಂತಿತು.

ನಮ್ಮ ಸೀಮೆಯ ಎಷ್ಟೋ ಆಂಜನೇಯನ ಕಲ್ಲುಗಳಲ್ಲಿ ಬಲಗೈ ತಲೆಯ ಮೇಲಕ್ಕೆ ಎತ್ತಿರುತ್ತದೆ. ರಕ್ಕಸನ ಕೆನ್ನೆಗೆ ಬಿಗಿಯಲು ಎತ್ತಿದ ಕೈ ಎಂದು ಶಿಲ್ಪ ಬಲ್ಲವರು ಹೇಳುತ್ತಾರೆ. ಕೈ ಮುಗಿದು ನಿಂತವರು ಅದನ್ನು ಅಭಯವೆಂದೇ ಕಾಣುತ್ತಾರೆ. ಎರಡೂ ನಿಜವಾಗಿರಲು ಸಾಧ್ಯ, ಕೈ ಎತ್ತಿದೆ, ಇನ್ನೂ ಇಳಿದಿಲ್ಲ. ನನ್ನ ಮಟ್ಟಿಗೆ ದೇವರು ಇರುವುದು ಆ ನಡುವಿನಲ್ಲಿ. ಅದಕ್ಕೇ ಅವ್ವನಿಗೆ ಹೇಳಿದೆ: ಕೋವಿ ಮುಕ್ಕಾಗಿದ್ದದ್ದು ನಿಜ, ಆದರೆ ಕಿವಿ ಮುಚ್ಚಿದ್ದರಿಂದಲ್ಲ. ನಿಲ್ಲಬೇಕಾದ ಕಡೆ ನಿಲ್ಲುತ್ತಿರಲಿಲ್ಲವಲ್ಲ, ಅದು ಮುಕ್ಕು. ಈಗ ನಿಲ್ಲುತ್ತದೆ. ಇನ್ನು ಇಡಬಹುದು. ಅವ್ವ ನನ್ನ ಕೈಯಿಂದ ಕೋವಿ ತೆಗೆದುಕೊಂಡು ತಾವೇ ಕುದುರೆ ಎಳೆದು ನೋಡಿದರು.

ಕಿಡಿಯನ್ನು ಮಾತ್ರ ಉಳಿಸಿದೆ. ಚಕಮಕಿ ಕಲ್ಲು ಕಚ್ಚಿಸಿ ಬಿಟ್ಟರೆ ಉಕ್ಕು ಈಗಲೂ ಕಿಡಿ ಕೊಡುತ್ತದೆ. ಬಟ್ಟಲು ಖಾಲಿ, ಕಿವಿ ಮುಚ್ಚಿದೆ, ಯಾರಿಗೂ ಅಪಾಯವಿಲ್ಲ. ಇದನ್ನು ಯಾಕೆ ಇಟ್ಟಿರಿ ಎಂದು ಕೆಲವರು ಕೇಳಿದ್ದಾರೆ. ಯಜ್ಞಕ್ಕೆ ಬೆಂಕಿಯನ್ನು ಅರಣಿ ಕಡೆದು ಹುಟ್ಟಿಸುತ್ತಾರೆ. ಆ ಅರಣಿಗೆ ಬನ್ನಿಯ ಮೇಲೆ ಬೆಳೆದ ಅರಳಿ ಶ್ರೇಷ್ಠ. ಬನ್ನಿಯೊಳಗೆ ಅಗ್ನಿ ಅಡಗಿದ್ದಾನೆ ಎಂಬುದು ವೇದಕಾಲದಿಂದ ಬಂದ ನಂಬಿಕೆ. ಪಾಂಡವರ ಆಯುಧಗಳು ಮಲಗಿದ್ದದ್ದು ಬೆಂಕಿಯ ಮರದಲ್ಲಿ. ವಿಶ್ರಾಂತಿಯಲ್ಲಿರುವುದು ತಣ್ಣಗಾಗಿ ಸತ್ತಿರಬೇಕಿಲ್ಲ. ನಮ್ಮ ತಾತನ ಕಾಲದವರು ಚಕಮಕಿ ಬಡಿದೇ ಬೀಡಿಗೂ ಒಲೆಗೂ ಬೆಂಕಿ ಮಾಡಿಕೊಳ್ಳುತ್ತಿದ್ದರು. ಕೋವಿ ಆ ಕಿಡಿಯನ್ನು ತನ್ನ ಕೆಲಸಕ್ಕೆ ಸಾಲ ಪಡೆದದ್ದು.

ಮಾಗಡಿ ಕಡೆಯಿಂದ ಬಂದವರೊಬ್ಬರು ಇನ್ನೊಂದು ಬಗೆಯ ಪೂರ್ಣತೆ ಕೇಳಿದರು. ಅವರ ಕೋವಿಯ ಕಿವಿಯ ಬೆಸುಗೆ ತೆಗೆದು ಕೊಡಬೇಕಂತೆ, ಆಗಲೇ ಅದು ಅಸಲಿಯಾಗುತ್ತದಂತೆ. ಜಮೀನಿಗೆ ಹಂದಿ ಆನೆ ಬರುತ್ತವೆ ಎಂಬುದೂ ಸೇರಿತ್ತು. ಆ ಕಷ್ಟ ಸುಳ್ಳಲ್ಲ, ಕಾಡಂಚಿನ ರೈತರಿಗೆ ಅದು ದಿನದ ಗೋಳು. ಬೆಳೆ ಕಾಯಲು ಲೈಸೆನ್ಸ್ ಕೇಳುವ ದಾರಿ ಇದೆ, ಅದಕ್ಕೆ ಜಿಲ್ಲಾಡಳಿತ ಇದೆ, ನನ್ನ ಮನೆಯ ವೈಸು ಆ ದಾರಿಯಲ್ಲ ಎಂದು ಹೇಳಿ ಕಳಿಸಿದೆ. ಅವರು ಬೇಸರ ಮಾಡಿಕೊಂಡೇ ಹೋದರು. ಇಂಥ ವಿಷಯದಲ್ಲಿ ನನಗೆ ಎರಡನೆಯ ಯೋಚನೆ ಬರುವುದಿಲ್ಲ.

ಕನಕಪುರದವರ ಮನೆಯಲ್ಲಿ ಕೋವಿ ಮತ್ತೆ ಪೂಜೆಗೆ ಕೂತಿದೆ. ಕೊಡುವಾಗ ಎರಡು ಮಾತು ಹೇಳಿದ್ದೆ. ಪೂಜೆ ಮುಗಿದ ಮೇಲೆ ಕುದುರೆಯನ್ನು ಪೂರ್ತಿ ಇಳಿಸಿಡಿ, ಸ್ಪ್ರಿಂಗ್ ದಣಿಯಬಾರದು. ಕಿವಿ ಮುಚ್ಚಿದ್ದರೂ ನಳಿಗೆಯನ್ನು ತಮಾಷೆಗೂ ಯಾರ ಕಡೆಗೂ ತಿರುಗಿಸಬೇಡಿ, ಮಕ್ಕಳಿಗೂ ಇದನ್ನೇ ಕಲಿಸಿ. ಎರಡನೆಯದಕ್ಕೆ ಮೊಮ್ಮಗನೇ ಮನೆಯಲ್ಲಿ ಕಾವಲು ಎಂದು ಅವ್ವ ಹೇಳುತ್ತಾರೆ. ನನ್ನ ವಾದವನ್ನು ಅವನು ಇನ್ನೂ ಪೂರ್ತಿ ಒಪ್ಪಿಲ್ಲ. ಹೊಡೆಯಬಲ್ಲ ಕೋವಿಗೆ ಮಾತ್ರ ಮೊದಲ ಕಚ್ಚಿನ ಅರ್ಥ ಎಂದು ಈಗಲೂ ಜಗಳ ತೆಗೆಯುತ್ತಾನೆ. ಭಾನುವಾರಗಳಲ್ಲಿ ಬಸ್ಸು ಹಿಡಿದು ಬಂದು, ಮೆತ್ತನೆಯ ಕಬ್ಬಿಣದ ಬಿಲ್ಲೆಯನ್ನು ವೈಸಿಗೆ ಕಚ್ಚಿಸಿ, ಕಚ್ಚು ಕೊರೆಯುವುದನ್ನು ಕಲಿಯುತ್ತಿದ್ದಾನೆ. ಕೈ ಇನ್ನೂ ಅವಸರದ್ದು, ಅಂಚು ದುಂಡಗಾಗುತ್ತದೆ. ಹದದ ಪಾಠ ಆಮೇಲೆ.